ಬೊಡ್ಡೆ ಕಿತ್ತ ಮೇಲೆ ಉಳಿಯುವ ಗುಂಡಿ

ಗೇಟಿನಿಂದ ಮನೆಯವರೆಗೆ ಕಾರು ಬರುವ ದಾರಿಗೆ ನಾನು ಎರಡು ಸಲ ಪೇವರ್ ಬ್ಲಾಕು (ನೆಲಕ್ಕೆ ಜೋಡಿಸುವ ಸಿಮೆಂಟಿನ ಬಿಲ್ಲೆ) ಹಾಕಿದ್ದೇನೆ. ಮೊದಲ ಸಲ ಅಡ್ಡ ಇದ್ದ ಮರವನ್ನು ನೆಲಮಟ್ಟಕ್ಕೆ ಕೊಯ್ದು, ಬೊಡ್ಡೆಯ ಮೇಲೆ ಜಲ್ಲಿ ಸುರಿದು ಮುಚ್ಚಿಬಿಟ್ಟೆ. ಕಾಣದಿದ್ದರೆ ಸಾಕು ಅನ್ನೋ ಲೆಕ್ಕ. ನಾಲ್ಕು ಮಳೆಗಾಲ ಏನೂ ಆಗಲಿಲ್ಲ. ಐದನೆಯದರಲ್ಲಿ ಅಲ್ಲೊಂದು ತಟ್ಟೆಯಷ್ಟು ಅಗಲ ನೀರು ನಿಂತಿತು. ಆಮೇಲೆ ಚಕ್ರ ಹತ್ತಿದಾಗಲೆಲ್ಲ ಬ್ಲಾಕು ಟಕ್ ಟಕ್ ಅನ್ನತೊಡಗಿತು. ಕಿತ್ತು ನೋಡಿದರೆ ಬೊಡ್ಡೆ ಬೆರಳಲ್ಲೇ ಪುಡಿಯಾಗುತ್ತಿತ್ತು. ಸುತ್ತ ಗೆದ್ದಲು, ನಡುವೆ ಕೈ ತೂರುವಷ್ಟು ಟೊಳ್ಳು.

ಅದನ್ನು ಸರಿಮಾಡುವಾಗಲೇ ದಾರಿಯನ್ನೂ ಅಗಲ ಮಾಡಿದೆ. ಇನ್ನೆರಡು ಮರ ಅಡ್ಡ ಬಂದವು. ಕಡಿಯಲು ಅನುಮತಿ ಬೇಕಾ, ಕೆಳಗೆ ನೀರಿನ ಪೈಪು, ಕರೆಂಟಿನ ಕೇಬಲ್ಲು ಹೋಗಿದೆಯಾ ಅಂತ ಮೊದಲೇ ವಿಚಾರಿಸಿಕೊಂಡೆ. ಮರ ಉರುಳಿಸುವ ಕೆಲಸ ಗೊತ್ತಿದ್ದವರಿಗೇ ಬಿಟ್ಟೆ. ಆದರೆ ಬುಡಕ್ಕೆ ಕೊಯ್ಯಬೇಡಿ, ನಾಲ್ಕು ಅಡಿ ಮೋಟು ಬಿಡಿ ಅಂದಿದ್ದೆ. ಬೇರು ಸಡಿಲವಾದ ಮೇಲೆ ಆ ಮೋಟೇ ಹಿಡಿಕೆ. ಅದನ್ನು ಹಿಡಿದು ಅಲ್ಲಾಡಿಸಬಹುದು.

ಸುತ್ತ ಎರಡು ಅಡಿ ಬಿಟ್ಟು ಕಾಲುವೆ ತೋಡಿದೆ. ಪಕ್ಕದ ಬೇರುಗಳು ಬಹುತೇಕ ಮೇಲಿನ ಎರಡು ಅಡಿಯಲ್ಲೇ ಸಿಕ್ಕವು. ಸಿಕ್ಕಿದ ಬೇರನ್ನು ಪೈಪಿನ ನೀರಲ್ಲಿ ತೊಳೆದೇ ಕೊಯ್ಯಬೇಕು. ಮಣ್ಣು ಅಂಟಿದ ಬೇರಿನ ಮೇಲೆ ಗರಗಸ ಆಡಿಸಿದರೆ ಹಲ್ಲು ಮೊಂಡಾಗುತ್ತದೆ, ನನ್ನ ಒಂದು ಬ್ಲೇಡು ಹಾಗೇ ಹೋಯಿತು. ಒಂದೇ ಕಡೆ ಕಡಿದರೂ ಪ್ರಯೋಜನವಿಲ್ಲ. ಎರಡು ಕಡೆ ಕೊಯ್ದು ನಡುವಿನ ತುಂಡು ತೆಗೆದರೆ ಹಾರೆ ಆಡಲು ಜಾಗ ಸಿಗುತ್ತದೆ. ಸುತ್ತಲಿನದೆಲ್ಲ ಮುಗಿದರೂ ಮೋಟು ಒಂದೇ ಕಡೆಗೆ ವಾಲುತ್ತಿತ್ತು. ಬಗ್ಗಿ ನೋಡಿದರೆ ತೋಳು ದಪ್ಪದ ಬೇರೊಂದು ನೇರ ಕೆಳಗಿಳಿದಿತ್ತು. ಅರ್ಧ ದಿನ ಅದಕ್ಕೇ ಹೋಯಿತು. ಸರಪಳಿ ಕಟ್ಟಿ ಕಾರಿನಿಂದ ಎಳೆಯೋಣ ಅಂತ ಅನ್ನಿಸಿತ್ತು. ಬೇಡವೇ ಬೇಡ. ಸರಪಳಿ ಹರಿದು ಚಿಮ್ಮಿದರೆ ತಲೆಗೇ ಬರುತ್ತದೆ.

ಎರಡನೇ ಬೊಡ್ಡೆಗೆ ಬೆನ್ನು ಒಪ್ಪಲಿಲ್ಲ, ಬೊಡ್ಡೆ ಅರೆಯುವ ಯಂತ್ರ ಬಾಡಿಗೆಗೆ ತಂದೆ. ಒಂದು ಗಂಟೆಯ ಕೆಲಸ. ಆದರೆ ಆ ಯಂತ್ರ ಬೊಡ್ಡೆಯನ್ನು ಪುಡಿ ಮಾಡುತ್ತದೆ, ಹೊರಗೆ ತೆಗೆಯುವುದಿಲ್ಲ. ಗುಂಡಿ ತುಂಬ ಚಕ್ಕೆ, ಮಣ್ಣಿನ ಜೊತೆ ಬೆರೆತು ಒಳ್ಳೇ ಗೊಬ್ಬರದ ಹಾಗೆ ಕಾಣುತ್ತದೆ. ಅದನ್ನೇ ತುಳಿದು ಮುಚ್ಚಿದರೆ ಹಳೇ ಕತೆಯೇ ಅಲ್ವಾ? ಅಷ್ಟನ್ನೂ ಬಾಚಿ ಗಿಡಗಳ ಬುಡಕ್ಕೆ ಹಾಕಿದೆ. ಕೆಳಗೆ ಉಳಿದಿದ್ದ ದಪ್ಪ ಬೇರುಗಳನ್ನೂ ಕಿತ್ತೆ.

ಗುಂಡಿ ತುಂಬುವುದಕ್ಕೆ ಕೀಳುವುದಕ್ಕಿಂತ ಜಾಸ್ತಿ ತಾಳ್ಮೆ ಬೇಕು. ಜಲ್ಲಿ ಮತ್ತು ಕಲ್ಲುಪುಡಿ ಬೆರೆಸಿ 15 ಸೆಂಟಿಮೀಟರ್ ಹಾಕುವುದು, ನೀರು ಚಿಮುಕಿಸುವುದು, ದಮ್ಮಸು ಹೊಡೆಯುವುದು, ಮತ್ತೆ 15. ಹಿಮ್ಮಡಿ ಊರಿದರೆ ಗುರುತು ಬೀಳಬಾರದು. ಒಂದೇ ಸಲ ಸುರಿದು ಮೇಲಿನಿಂದ ಬಡಿದರೆ ಮೇಲೆ ಮಾತ್ರ ಗಟ್ಟಿಯಾಗುತ್ತದೆ.

ಅಂಚಿನಾಚೆ ಇದ್ದ ಮೂರನೇ ಮರವನ್ನು ಮುಟ್ಟಲಿಲ್ಲ. ಬುಡದ ಹತ್ತಿರ ದಪ್ಪ ಬೇರು ಕಡಿದರೆ ಗಾಳಿಗೆ ಮರ ವಾಲೀತು. ಅದಕ್ಕೆ ದಾರಿಯನ್ನೇ ಸ್ವಲ್ಪ ಬಾಗಿಸಿದೆ.

ಮೊದಲ ಜೋರು ಮಳೆ ನಿಂತ ಕೂಡಲೇ ನೋಡಲು ಹೋದೆ. ಕೈಯಿಂದ ಕಿತ್ತ ಜಾಗ ಸಮವಾಗಿತ್ತು. ಯಂತ್ರ ಆಡಿದ ಕಡೆ, ಒಂದು ಮೂಲೆಯಲ್ಲಿ, ಬೆರಳುಗೆರೆಯಷ್ಟು ನೀರು. ನಾಲ್ಕು ಬ್ಲಾಕು ಎತ್ತಿದೆ. ಒಂದು ಬುಟ್ಟಿ ಚಕ್ಕೆ ಅಲ್ಲೇ ಉಳಿದಿತ್ತು.