ಫೈಕಾದ ದುಡ್ಡು ಬರೀ ಮುಪ್ಪಿಗಲ್ಲ

ಹುಬ್ಬಳ್ಳಿ-ಧಾರವಾಡದಿಂದ ಅಮೆರಿಕಕ್ಕೆ ಹೋದ ಹುಡುಗರು ಮೊದಲ ಪಗಾರದ ಚೀಟಿ ನೋಡಿ ಕೇಳುವುದು ಒಂದೇ ಪ್ರಶ್ನೆ: "ಕಾಕಾ, ಈ ಫೈಕಾ ಅಂದ್ರೇನ್ರಿ? ಇಷ್ಟು ರೊಕ್ಕ ಎಲ್ಲಿ ಹೋಗ್ತದ?" ಫೈಕಾ ಅಂದರೆ ಪಗಾರದಲ್ಲೇ ಹಿಡಿಯುವ ತೆರಿಗೆ. ಅದರಲ್ಲಿ ಪಗಾರದ ಶೇ. 6.2 ಸೋಷಿಯಲ್ ಸೆಕ್ಯುರಿಟಿಗೆ, ಅಂದರೆ ಅಲ್ಲಿನ ಸರ್ಕಾರದ ಪಿಂಚಣಿ ಯೋಜನೆಗೆ ಹೋಗುತ್ತದೆ. ಕಂಪನಿಯೂ ಅಷ್ಟೇ ಹಾಕುತ್ತದೆ. ಮುಪ್ಪಿನ ಪಿಂಚಣಿಗೆ ಅಂತ ತಿಳಿದು ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಕಾಯಿಲೆಯಿಂದಲೋ ಅಪಘಾತದಿಂದಲೋ ದುಡಿಯಲಾಗದೆ ಹೋದರೆ ಬರುವ ಅಂಗವಿಕಲತೆಯ ಪಿಂಚಣಿಯೂ ಇದರಿಂದಲೇ. 1956ರಲ್ಲಿ ಸೇರಿದ ಸೌಲಭ್ಯ ಅದು.

ನಮ್ಮೂರಲ್ಲಿ ಇವೆರಡೂ ಹೆಚ್ಚಾಗಿ ಬೇರೆ ಬೇರೆ. ನೌಕರರ ಪಿಂಚಣಿ ಒಂದು ಕಡೆ. ಅಂಗವಿಕಲರ ಮಾಶಾಸನ ಬೇಕೆಂದರೆ ನಾಡಕಚೇರಿಗೆ ಅರ್ಜಿ. ಅಮೆರಿಕದಲ್ಲಿ ನಿಧಿ ಎರಡಿದ್ದರೂ ತಿಂಗಳಿಗೆ ಎಷ್ಟು ಕೊಡಬೇಕು ಅನ್ನುವ ಲೆಕ್ಕದ ಸೂತ್ರ ಒಂದೇ. ಈ ನಿಧಿಗಳ ಟ್ರಸ್ಟಿಗಳ 2025ರ ವರದಿಯ ಪ್ರಕಾರ ನಿವೃತ್ತಿ ನಿಧಿಯ ಗಂಟು 2033ರಲ್ಲಿ ಕರಗುತ್ತದೆ. ಆಮೇಲೆ ಬರುವ ತೆರಿಗೆಯಿಂದ ಪಿಂಚಣಿಯ ಶೇ. 77ರಷ್ಟು ಮಾತ್ರ ಕೊಡಬಹುದು. ಅಂಗವಿಕಲರ ನಿಧಿಗೆ ಮುಂದಿನ 75 ವರ್ಷ ಚಿಂತೆ ಇಲ್ಲ. ಆದರೆ ನಿವೃತ್ತಿಯ ಕಡೆ ಉಳಿಸಲು ಆ ಸೂತ್ರವನ್ನೇ ಕತ್ತರಿಸಿದರೆ, ನಿಧಿ ಗಟ್ಟಿಯಿರುವ ಅಂಗವಿಕಲರಿಗೂ ಪೆಟ್ಟು ಬೀಳುತ್ತದೆ. ಅವರನ್ನು ಬೇರೆ ಇಡುತ್ತೇವೆ ಎಂದು ಕಾನೂನಿನಲ್ಲೇ ಬರೆಯಬೇಕು. ಸುಧಾರಣೆಯ ಸುದ್ದಿ ಬಂದಾಗ ನಾನು ಮೊದಲು ಹುಡುಕುವುದು ಆ ಸಾಲನ್ನೇ. ಆರೋಗ್ಯವಾಗಿರುವವನು ಇನ್ನೆರಡು ವರ್ಷ ಜಾಸ್ತಿ ದುಡಿದು ಸರಿದೂಗಿಸಿಕೊಳ್ಳಬಹುದು. ದುಡಿಯಲಾಗದವನು ಏನು ಮಾಡಬೇಕು?

ವಯಸ್ಸು ಏರಿಸುವ ಮಾತು ಆಗಾಗ ಬರುತ್ತದೆ. 1983ರ ತಿದ್ದುಪಡಿ ಪೂರ್ಣ ಪಿಂಚಣಿಯ ವಯಸ್ಸನ್ನು 65ರಿಂದ ಹಂತಹಂತವಾಗಿ 67ಕ್ಕೆ ಏರಿಸಿತು. 67ಕ್ಕೆ 2,000 ಡಾಲರ್ ಸಿಗಬೇಕಾದವರು 62ಕ್ಕೇ ತೆಗೆದುಕೊಂಡರೆ 1,400 ಸಿಗುತ್ತದೆ. ಅಂಗವಿಕಲತೆಯ ಪಿಂಚಣಿಗೆ ಈ ಕಡಿತವಿಲ್ಲ, ಪೂರ್ತಿ 2,000. ಇದೇ ನಿಯಮದಲ್ಲಿ ವಯಸ್ಸು 69ಕ್ಕೆ ಹೋದರೆ 62ರವರಿಗೆ 1,200 ಮಾತ್ರ. ಮೊಣಕಾಲು, ಬೆನ್ನು ಹಾಳಾದ ಅರವತ್ತರ ಆಸುಪಾಸಿನವರು ಆಗ ಯಾವ ಕಡೆ ಅರ್ಜಿ ಹಾಕುತ್ತಾರೆ ಹೇಳಿ. ನಿವೃತ್ತಿ ಕಡೆ ಉಳಿಸಿದ್ದರಲ್ಲಿ ಒಂದಷ್ಟು ಈ ಕಡೆ ಖರ್ಚಾಗುತ್ತದೆ, ಅರ್ಜಿಗಳ ಸಾಲೂ ಬೆಳೆಯುತ್ತದೆ.

ಬೆಲೆಯೇರಿಕೆಗೆ ತಕ್ಕ ವಾರ್ಷಿಕ ಹೆಚ್ಚಳವನ್ನು ಸ್ವಲ್ಪ ತಗ್ಗಿಸುವ ಸಲಹೆಯೂ ಇದೆ. ಹೆಚ್ಚು ವರ್ಷ ಪಿಂಚಣಿ ಪಡೆಯುವವರಿಗೆ ಏಟು ಜಾಸ್ತಿ. ಅಂದರೆ ಚಿಕ್ಕ ವಯಸ್ಸಿಗೇ ಅಂಗವಿಕಲರಾದವರಿಗೆ.

2001ರಲ್ಲಿ ಅಧ್ಯಕ್ಷ ಬುಷ್ ನೇಮಿಸಿದ ಆಯೋಗ ಸ್ವಂತ ಹೂಡಿಕೆ ಖಾತೆಯ ಮಾತು ತಂದಿತ್ತು. ಜಾರಿಗೆ ಬರಲಿಲ್ಲ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ನೌಕರಿಗೆ ಸೇರಿದವರ ಎನ್‌ಪಿಎಸ್ (ನಿಗದಿತ ಪಿಂಚಣಿಯ ಬದಲು ಹೂಡಿಕೆ ಖಾತೆ) ಗೋಳು ನಿಮಗೆ ಗೊತ್ತೇ ಇದೆ, ಬಿಡಿಸಿ ಹೇಳಬೇಕಿಲ್ಲ ಅಲ್ವಾ? ನಲವತ್ತು ವರ್ಷ ದುಡಿದವನ ಖಾತೆ ಬೆಳೆದಿರುತ್ತದೆ. ಮೂವತ್ತೈದಕ್ಕೇ ಬೆನ್ನುಹುರಿಗೆ ಪೆಟ್ಟಾದವನ ಖಾತೆಯಲ್ಲಿ ಏನಿರುತ್ತದೆ?

ಈಗ ನಿಮ್ಮ ವಿಷಯ. ಈ ತೆರಿಗೆ ಕಟ್ಟಿ ದುಡಿದದ್ದಕ್ಕೆ ಸಿಗುವ ಅಂಕವೇ ಕ್ರೆಡಿಟ್, ವರ್ಷಕ್ಕೆ ಹೆಚ್ಚೆಂದರೆ 4. 31 ದಾಟಿದವರಿಗೆ ಅಂಗವಿಕಲತೆಯ ಪಿಂಚಣಿ ಬೇಕೆಂದರೆ ಕಳೆದ 10 ವರ್ಷಗಳಲ್ಲಿ ಸಾಮಾನ್ಯವಾಗಿ 20 ಕ್ರೆಡಿಟ್ ಇರಬೇಕು, ಅಂದರೆ 5 ವರ್ಷದ ದುಡಿಮೆ. ವಯಸ್ಸು ಹೆಚ್ಚಿದಂತೆ ಒಟ್ಟು ಕ್ರೆಡಿಟ್ ಇನ್ನೂ ಜಾಸ್ತಿ ಬೇಕು. ಭಾರತದಲ್ಲಿ ಪಿಎಫ್ ಕಟ್ಟಿದ ವರ್ಷಗಳು ಲೆಕ್ಕಕ್ಕಿಲ್ಲ, ಎರಡೂ ದೇಶಗಳ ದುಡಿಮೆಯನ್ನು ಕೂಡಿಸಿ ಲೆಕ್ಕ ಹಾಕುವ ಒಪ್ಪಂದವಿಲ್ಲ. ಇನ್ನೊಂದು, ಮರಳಿ ಊರಿಗೆ ಬರುವವರು ಇದನ್ನು ಕೇಳಿ. 40 ಕ್ರೆಡಿಟ್ ಆಗಿದ್ದರೆ ಮುಪ್ಪಿನ ಪಿಂಚಣಿಯ ಅರ್ಹತೆ ಉಳಿಯುತ್ತದೆ. ಅಂಗವಿಕಲತೆಯ ರಕ್ಷಣೆ ಮಾತ್ರ ಕೆಲಸ ಬಿಟ್ಟ ಸುಮಾರು 5 ವರ್ಷಕ್ಕೆ ಮುಗಿಯುತ್ತದೆ.

ಅರ್ಹತೆ ಇದ್ದರೂ ಮೊದಲ ಐದು ತಿಂಗಳಿಗೆ ದುಡ್ಡಿಲ್ಲ. ಮೆಡಿಕೇರ್, ಅಂದರೆ ಸರ್ಕಾರದ ಆರೋಗ್ಯ ವಿಮೆ ಬರುವುದು ಸಾಮಾನ್ಯವಾಗಿ ಅದಾದ 24 ತಿಂಗಳಿಗೆ. ಅರ್ಧಂಬರ್ಧ ಅಂಗವಿಕಲತೆಗೆ ಏನೂ ಇಲ್ಲ. ಹಾಗಾಗಿ ಕೆಲಸಕ್ಕೆ ಸೇರುವಾಗ ಎಚ್‌ಆರ್ ಕೊಡುವ ಸೌಲಭ್ಯಗಳ ಪಟ್ಟಿಯಲ್ಲಿ ಲಾಂಗ್ ಟರ್ಮ್ ಡಿಸೆಬಿಲಿಟಿ (ದೀರ್ಘಕಾಲದ ಅಂಗವಿಕಲತೆಯ) ವಿಮೆ ಹುಡುಕಿ. ಹಲ್ಲಿನ ವಿಮೆಗೆ ಟಿಕ್ ಹಾಕಿ ಇದನ್ನು ಬಿಡುವವರೂ ಇದ್ದಾರೆ. ಸೋಷಿಯಲ್ ಸೆಕ್ಯುರಿಟಿ ಜಾಲತಾಣದಲ್ಲಿ ಖಾತೆ ತೆರೆದು, ವರ್ಷಕ್ಕೊಮ್ಮೆ ನಿಮ್ಮ ಪಗಾರ ಸರಿಯಾಗಿ ದಾಖಲಾಗಿದೆಯಾ ನೋಡಿಕೊಳ್ಳಿ.