ದೋಟಿ ಕೊಳ್ಳುವವರು ಫೋನಿನಲ್ಲಿ ಏನು ನೋಡ್ತಾರೆ?

ಸಾಗರದ ಕಡೆ ನಮ್ಮದು ಕಾರ್ಬನ್ ಫೈಬರ್ ದೋಟಿ, ಅಂದರೆ ನೆಲದಲ್ಲೇ ನಿಂತು ಅಡಿಕೆ ಮರಕ್ಕೆ ಔಷಧಿ ಹೊಡೆಯುವ, ಕೊನೆ ಕೊಯ್ಯುವ ಉದ್ದ ಕೋಲು, ಮಾರುವ ಅಂಗಡಿ. ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ಲೈಕ್ ಬರುತ್ತಿತ್ತು, ಗಿರಾಕಿ ಬರುತ್ತಿರಲಿಲ್ಲ. ಲೈಕ್ ಒತ್ತಿದವರ ಪ್ರೊಫೈಲ್ ತೆರೆದು ನೋಡಿದೆ. ಹೆಚ್ಚಿನವರು ಬೆಂಗಳೂರಿನ ಹುಡುಗರು. ತೋಟ ಅಪ್ಪನದು, ದುಡ್ಡೂ ಅಪ್ಪನ ಕೈಯಲ್ಲೇ!

ಹಾಗಾಗಿ ಅಂಗಡಿಗೆ ಬಂದವರನ್ನೇ ಕೇಳತೊಡಗಿದೆ: "ಬೆಳಿಗ್ಗೆ ಫೋನ್ ತೆಗೆದರೆ ಮೊದಲು ಏನು ನೋಡ್ತೀರಿ?" ವಾಟ್ಸಾಪ್ ಗುಂಪಿನಲ್ಲಿ ರಾಶಿ, ಚಾಲಿ ಅಡಿಕೆಯ ರೇಟು. ರಾತ್ರಿ ಊಟವಾದ ಮೇಲೆ ಯೂಟ್ಯೂಬ್. ಫೇಸ್‌ಬುಕ್ ಸುಮ್ನೆ ಹಾಗೇ.

ಯೂಟ್ಯೂಬ್‌ನಲ್ಲಿ "ಕೊಳೆ ಔಷಧಿ ದೋಟಿ" ಅಂತ ಕನ್ನಡದಲ್ಲೇ ಹುಡುಕಿದೆ (ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆಗೆ ಬರುವ ರೋಗ). ವಿಡಿಯೋಗಿಂತ ಕೆಳಗಿನ ಕಾಮೆಂಟುಗಳೇ ಉಪಯೋಗಕ್ಕೆ ಬಂದವು. "60 ಅಡಿಗೆ ಬಾಗಲ್ವಾ?" "ಪೈಪ್ ಸೇರಿ ತೂಕ ಎಷ್ಟು?" ಅವರೇ ನನ್ನ ಗಿರಾಕಿಗಳು, ಅಲ್ವಾ?

ತೋಟದಲ್ಲೇ ವಿಡಿಯೋ ಮಾಡಿದೆವು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕಿ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದರಿಂದ ಹಿಡಿದು, ದೋಟಿ ಪೂರ್ತಿ ಎತ್ತಿದಾಗ ಎಷ್ಟು ಬಾಗುತ್ತದೆ ಅನ್ನುವವರೆಗೆ. ಬಾಗುವುದನ್ನು ಮುಚ್ಚಿಡಲಿಲ್ಲ. ಮಳೆಗಾಲಕ್ಕೆ ಮೊದಲೇ, ಮೇ ತಿಂಗಳಲ್ಲಿ ವಿಡಿಯೋ ಹಾಕಿದೆವು. ರೇಟಿನ ಗುಂಪುಗಳಿಗೆ ಅಡ್ಮಿನ್ ಒಪ್ಪಿದ ಮೇಲಷ್ಟೇ ಕಳಿಸಿದೆ. ಇಲ್ಲದಿದ್ದರೆ ಹೊರಗೆ ಹಾಕುತ್ತಾರೆ. ಈಗ ಫೋನ್ ಮಾಡುವವರು "ಆ ವಿಡಿಯೋದ ದೋಟಿ ಇದೆಯಾ?" ಅಂತಲೇ ಕೇಳುತ್ತಾರೆ.