ಪದವಿ ತರಗತಿಯ ಪಾಠಕ್ಕೆ ಎಐ ನೆರವು ಪಡೆಯುವ ಬಗೆ

ಚಾಟ್‌ಜಿಪಿಟಿಯಂತಹ ಸಾಧನವನ್ನು ಪಾಠಕ್ಕೆ ಬಳಸುವ ಅಧ್ಯಾಪಕರು ಇಡೀ ಘಟಕದ ಟಿಪ್ಪಣಿ ಬರೆಸುವುದಕ್ಕಿಂತ, ವಿದ್ಯಾರ್ಥಿಗಳು ಎಡವುವ ಒಂದೇ ವಿಷಯವನ್ನು ಆರಿಸಿಕೊಂಡು ಅದರ ಮೇಲೆ ಅಭ್ಯಾಸದ ಲೆಕ್ಕಗಳನ್ನು ಕೇಳುವುದು ಒಳ್ಳೆಯದು. ಅರ್ಥಶಾಸ್ತ್ರದ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವವನ್ನೇ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟರ ಮಟ್ಟಿಗೆ ಬದಲಾಗುತ್ತದೆ ಎಂಬ ಅಳತೆಯನ್ನೇ, ತೆಗೆದುಕೊಳ್ಳಿ. ಬೆಲೆ 20 ರೂಪಾಯಿಯಿಂದ 25ಕ್ಕೆ ಏರಿ, ಬೇಡಿಕೆ 100 ಕಿಲೋದಿಂದ 80ಕ್ಕೆ ಇಳಿದರೆ ಬದಲಾವಣೆಯನ್ನು ಮೊದಲಿನ ಅಂಕಿಗೆ ಹೋಲಿಸುವ ಶೇಕಡಾವಾರು ವಿಧಾನದಲ್ಲಿ ಉತ್ತರ 0.8, ಮೊದಲಿನ ಮತ್ತು ನಂತರದ ಅಂಕಿಗಳ ಸರಾಸರಿಗೆ ಹೋಲಿಸುವ ಮಧ್ಯಬಿಂದು ವಿಧಾನದಲ್ಲಿ 1. ಯಾವ ವಿಧಾನವೆಂದು ತಿಳಿಸದಿದ್ದರೆ ಸಾಧನವು ತನಗೆ ತೋಚಿದ್ದನ್ನು ಹಿಡಿದುಕೊಂಡು, ನಿಮ್ಮ ಪಠ್ಯಕ್ಕೆ ಹೊಂದದ ಉತ್ತರವನ್ನು ಅಷ್ಟೇ ಧೈರ್ಯದಿಂದ ಕೊಟ್ಟುಬಿಡಬಹುದು. ಆದ್ದರಿಂದ ವಿಧಾನ, ಮಟ್ಟ, ಬಳಸಬೇಕಾದ ಕನ್ನಡ ಪಾರಿಭಾಷಿಕ ಪದಗಳು ಇಷ್ಟನ್ನೂ ಮೊದಲೇ ಬರೆದುಕೊಟ್ಟು, ಬಂದ ಪ್ರತಿಯೊಂದು ಲೆಕ್ಕವನ್ನೂ ಕೈಯಾರೆ ಬಿಡಿಸಿ ನೋಡಿದ ಮೇಲೆಯೇ ತರಗತಿಗೆ ಒಯ್ಯಬೇಕು. ತಪ್ಪು ಉತ್ತರ ಬಂದರೆ ಅಳಿಸಬೇಡಿ: ಅದನ್ನೇ ಕರಿಹಲಗೆಯ ಮೇಲೆ ಬರೆದು, ದೋಷ ಎಲ್ಲಿದೆಯೆಂದು ವಿದ್ಯಾರ್ಥಿಗಳಿಂದ ಹುಡುಕಿಸುವುದು ಉಪನ್ಯಾಸಕ್ಕಿಂತ ಮಿಗಿಲು.

ಅಸೈನ್‌ಮೆಂಟನ್ನು ಎಐ ಬರೆದಿದೆಯೆಂದು ಪತ್ತೆ ಹಚ್ಚುವ ತಂತ್ರಾಂಶವನ್ನು ನಂಬಿ ಅಂಕ ಕಳೆಯುವುದು ಸಲ್ಲದು. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಸಂಸ್ಥೆಯೇ ತಾನು ರೂಪಿಸಿದ್ದ ಅಂತಹ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅನುಮಾನ ಬಂದರೆ ವಿದ್ಯಾರ್ಥಿಯನ್ನು ಕರೆದು ಐದು ನಿಮಿಷ ಮೌಖಿಕವಾಗಿ ಪ್ರಶ್ನಿಸಿ. ವಿದ್ಯಾರ್ಥಿಗಳ ಹೆಸರು, ನೋಂದಣಿ ಸಂಖ್ಯೆ, ಅಂಕಪಟ್ಟಿಗಳನ್ನಂತೂ ಈ ಸಾಧನಗಳಿಗೆ ಎಂದಿಗೂ ಕೊಡಬೇಡಿ.